37 ವಾರ ಆಗಿದೆ, ಹೊಟ್ಟೆ ಗಟ್ಟಿಯಾಗಿ ಬಿಡ್ತಾ ಇದೆ. ಸುಳ್ಳು ನೋವಾ, ಹೆರಿಗೆ ನೋವಾ?

ಮಲೆನಾಡ ಮಗಳು
ಸೋಮವಾರ, ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ನಂದು ಚೊಚ್ಚಲ ಬಸಿರು, ಇವತ್ತಿಗೆ 37 ವಾರ 2 ದಿನ. ಸೀಮಂತ ಮುಗಿಸಿಕೊಂಡು ತವರಿಗೆ ಬಂದು ತಿಂಗಳಾಯ್ತು. ನಮ್ಮ ಮನೆಯಿಂದ ಪೇಟೆಯ ಆಸ್ಪತ್ರೆಗೆ 26 ಕಿಲೋಮೀಟರು, ಅದರಲ್ಲಿ ಮೊದಲ 7 ಮಣ್ಣು ರಸ್ತೆ.

ಮೊನ್ನೆ ಶನಿವಾರ ಸಂಜೆ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗೋಕೆ ಶುರುವಾಯ್ತು. ಅರ್ಧ ನಿಮಿಷ ಹಿಡಿಯೋದು, ಬಿಡೋದು. ಮತ್ತೆ ಹತ್ತು ನಿಮಿಷಕ್ಕೋ ಇಪ್ಪತ್ತು ನಿಮಿಷಕ್ಕೋ ಹಿಡಿಯೋದು. ಅಮ್ಮ ಜೀರಿಗೆ ಕಷಾಯ ಮಾಡಿ ಕೊಟ್ಟಳು, "ಸುಳ್ಳು ನೋವಾದ್ರೆ ಇದಕ್ಕೆ ನಿಲ್ಲತ್ತೆ, ನಿಜವಾದದ್ದಾದ್ರೆ ಏರತ್ತೆ" ಅಂತ. ಕುಡಿದು ಮುಕ್ಕಾಲು ಗಂಟೆ ಆದ್ರೂ ನಿಲ್ಲಲೂ ಇಲ್ಲ, ಏರಲೂ ಇಲ್ಲ. ಹೆದರಿಕೊಂಡು ಪಕ್ಕದ ಮನೆಯವರ ಓಮ್ನಿಯಲ್ಲಿ ಹೋದ್ವಿ. ಆಸ್ಪತ್ರೆ ಮುಟ್ಟೋ ಹೊತ್ತಿಗೆ ನೋವು ಪೂರ್ತಿ ನಿಂತಿತ್ತು. ಒಳಗೆ ಪರೀಕ್ಷೆ ಮಾಡಿದವರು, "ಗರ್ಭಕೋಶದ ಬಾಯಿ ತೆರೆದೇ ಇಲ್ಲ, ಇಷ್ಟಕ್ಕೆಲ್ಲ ಓಡಿ ಬರ್ತಾರಾ? ನೋವು ಬಂದ್ರೆ ನಿಂಗೇ ಗೊತ್ತಾಗತ್ತೆ ಹೋಗು" ಅಂತ ಎಲ್ಲರ ಎದುರು ಗದರಿದ್ರು. ಮನೆಗೆ ಬಂದಾಗ ರಾತ್ರಿ 1 ಗಂಟೆ. ಅಪ್ಪ ಒಂದು ಮಾತೂ ಆಡಲಿಲ್ಲ. ಆದ್ರೆ ಓಮ್ನಿಯವರಿಗೆ ದುಡ್ಡು ಎಣಿಸಿ ಕೊಡುವಾಗ ಅಪ್ಪನ ಮುಖ ನೋಡಿ ನಂಗೆ ಅಳು ಬಂತು.

ಈಗ ಮತ್ತೆ ಹಿಡೀತಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ, ಹೇಳೋಕೆ ಬಾಯೇ ಬರ್ತಿಲ್ಲ. ಗೊತ್ತಾಗತ್ತೆ, ಗೊತ್ತಾಗತ್ತೆ ಅಂತಾರಲ್ಲ, ಹೇಗೆ ಗೊತ್ತಾಗತ್ತೆ?

ಧಾರವಾಡದ ಅಕ್ಕ
ಸೋಮವಾರ, ರಾತ್ರಿ 11:05

ತಂಗಿ, ಮೊದಲ ನಿಮ್ಮವ್ವನ್ನ ಎಬ್ಬಿಸು. ಹೇಳದ ಕುಂದರಬ್ಯಾಡ.

ನನಗೂ ಹಿಂಗ ಆಗಿತ್ತು. ಮೊದಲ ಮಗಳ ಹೊತ್ತಿನಾಗ ಮೂರು ಸಲ ಆಸ್ಪತ್ರಿಗೆ ಹೋಗಿ ಹೊಳ್ಳಿ ಬಂದೀನಿ. ನಾಲ್ಕನೇ ಸಲ ಖರೇ ಬ್ಯಾನಿ ಬಂದಾಗ "ಮತ್ತ ಮನಿಗೆ ಕಳಸ್ತಾರ, ಮಂದಿ ನಗ್ತಾರ" ಅಂತ ಹಲ್ಲು ಕಚ್ಚಿ ಕುಂತೆ. ಬೆಳಕ ಹರಿಯೂತನಕ ಒಬ್ಬಾಕಿನ ಬ್ಯಾನಿ ತಿಂದೆ. ಆಸ್ಪತ್ರಿ ಮುಟ್ಟಿ 20 ನಿಮಿಷಕ್ಕ ಕೂಸು ಹೊರಗ ಬಂತು. ದಾರ್ಯಾಗ ಆಗಿದ್ರ ಏನ್ ಗತಿ ಅಂತ ಈಗ ನೆನಸಿದ್ರೂ ಎದಿ ಝಲ್ ಅಂತದ. ಮೂರು ಸಲ ಸುಮ್ನ ಹೋಗಿ ಬಂದದ್ದಕ್ಕ ನನಗ ಏನೂ ಆಗಲಿಲ್ಲ ನೋಡು. ಒಂದು ಸಲ ತಡಾ ಮಾಡಿದ್ದಕ್ಕ ಆಗಬಾರದ್ದು ಆಗ್ತಿತ್ತು.

ನನಗ ಅನುಭವಕ್ಕ ಬಂದ ಫರಕು ಇಷ್ಟು. ಸುಳ್ಳ ಬ್ಯಾನಿ ಹೊಟ್ಟಿ ಮುಂದ ಬಿಗಿತದ, ಎದ್ದು ನಾಲ್ಕ್ ಹೆಜ್ಜಿ ಅಡ್ಡಾಡಿದ್ರ ಇಲ್ಲಾ ಮಗ್ಗಲ ಬದಲ ಮಾಡಿದ್ರ ಬಿಡ್ತದ. ಖರೇ ಬ್ಯಾನಿ ಟೊಂಕದಾಗ ಹುಟ್ಟಿ, ಸುತ್ತ ಬಳಸಿ ಕಿಬ್ಬೊಟ್ಟಿಗೆ ಇಳಿತದ, ತೊಡಿತನಕ ಜಗ್ಗತದ. ಅಡ್ಡಾಡಿದ್ರ ಇನ್ನೂ ಜೋರಾಗ್ತದ. ಈಗ ಒಂದು ತಂಬಿಗಿ ನೀರು ಕುಡಿ, ಒಂದಕ್ಕ ಹೋಗಿ ಬಾ, ಎಡಮಗ್ಗಲಾಗಿ ಮಲ್ಕೊ. ತಾಸು ಬಿಟ್ಟು ಏನಾತು ಬರಿ, ನಾ ಎಚ್ಚರ ಇರ್ತೀನಿ.

ಮಲೆನಾಡ ಮಗಳು
ಮಂಗಳವಾರ, ರಾತ್ರಿ 12:45

ಅಕ್ಕ, ಅಮ್ಮನ್ನ ಎಬ್ಬಿಸಿದೆ. ಬೈತಾಳೆ ಅಂದ್ಕೊಂಡಿದ್ದೆ, ಬೈಲಿಲ್ಲ. ಕಾಲು ಒತ್ತುತ್ತಾ ಕೂತಿದ್ದಾಳೆ. ಕೈಗೆ ಸಿಕ್ಕಿದ್ದು ಹಾಲಿನ ಲೆಕ್ಕದ ಪುಸ್ತಕ, ಅದರ ಹಿಂದಿನ ಹಾಳೆಯಲ್ಲಿ ಹೊತ್ತು ಬರೆದೆ: 10:58, 11:11, 11:19, 11:42, 12:20. ನೀರು ಕುಡಿದು ಮಲಗಿದ ಮೇಲೆ ದೂರ ದೂರ ಆಗ್ತಿದೆ. ಮಗು ಚೆನ್ನಾಗಿ ಒದೀತಿದೆ. ಹಾಗಾದ್ರೆ ಸುಳ್ಳು ನೋವೇನಾ?

ಹೆರಿಗೆ ವಾರ್ಡಿನ ಸಿಸ್ಟರ್
ಮಂಗಳವಾರ, ಬೆಳಗ್ಗೆ 8:40

ರಾತ್ರಿ ಪಾಳಿ ಮುಗಿಸಿ ಈಗಷ್ಟೇ ನೋಡಿದೆ. 16 ವರ್ಷದಿಂದ ಹೆರಿಗೆ ವಾರ್ಡಿನಲ್ಲೇ ಇದ್ದೀನಿ. ಎಲ್ಲಕ್ಕಿಂತ ಮೊದಲು ಹೇಳ್ತೀನಿ, ನಿನ್ನನ್ನ ಗದರಿದ್ದು ತಪ್ಪು ಕಣಮ್ಮ. ಒಳಪರೀಕ್ಷೆ ಮಾಡದೆ ನಮಗೇ ಎಷ್ಟೋ ಸಲ ಗೊತ್ತಾಗಲ್ಲ, ಚೊಚ್ಚಲ ಬಸುರಿ ಮನೆಯಲ್ಲಿ ಕೂತು ಹೇಗೆ ಕಂಡುಹಿಡೀಬೇಕು? ನೋಡಿ, ಪರೀಕ್ಷೆ ಮಾಡಿ, ಏನಿಲ್ಲ ಅಂತ ಹೇಳಿ ಕಳಿಸೋದು ನಮ್ಮ ಕೆಲಸದ ಒಂದು ಭಾಗ.

ನೀನು ಬರೆದ ಲೆಕ್ಕ ನೋಡಿದ್ರೆ, ಹೌದು, ಅದು ಸುಳ್ಳು ನೋವಿನ ನಡಿಗೆ. 13 ನಿಮಿಷ, 8, 23, 38. ಅದಕ್ಕೊಂದು ತಾಳ ಇಲ್ಲ. ನಿಜವಾದ ನೋವಾಗಿದ್ರೆ ಹೊತ್ತು ಹೋದ ಹಾಗೆ ಹತ್ತಿರ ಹತ್ತಿರ ಬರಬೇಕು, ಹೆಚ್ಚು ಹೊತ್ತು ನಿಲ್ಲಬೇಕು, ಹೆಚ್ಚು ಜೋರಾಗಬೇಕು. ಮೂರೂ ಒಟ್ಟಿಗೆ. ನೋವು ಎಷ್ಟು ದೊಡ್ಡದು ಅಂತ ಅಳೀಬೇಡ, ಅದು ಏರ್ತಿದೆಯೋ ಇಲ್ಲವೋ ಅಂತ ನೋಡು.

ಗರ್ಭಕೋಶ ಅಂದ್ರೆ ಮಾಂಸಖಂಡದ ಚೀಲ. ಬಸಿರಿನ ಉದ್ದಕ್ಕೂ ಅದು ಆಗಾಗ ಬಿಗಿದು ಸಡಿಲ ಆಗ್ತಾನೇ ಇರತ್ತೆ. ಕೊನೇ ತಿಂಗಳುಗಳಲ್ಲಿ ನಮ್ಮ ಗಮನಕ್ಕೆ ಬರೋದು ಜಾಸ್ತಿ. 1872ರಲ್ಲಿ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಅನ್ನೋ ಇಂಗ್ಲೆಂಡಿನ ವೈದ್ಯರು ಇದನ್ನ ವಿವರಿಸಿ ಬರೆದ್ರು, ಡಾಕ್ಟರುಗಳ ಬಾಯಲ್ಲಿ ಅವರ ಹೆಸರೇ ಉಳೀತು. ನೀರು ಕಡಿಮೆ ಕುಡಿದಾಗ, ಮೂತ್ರ ಕಟ್ಟಿಕೊಂಡಾಗ, ದಿನವಿಡೀ ನಿಂತು ಕೆಲಸ ಮಾಡಿದಾಗ, ಗಂಡ ಹೆಂಡತಿ ಸೇರಿದ ಮೇಲೆ ಇದು ಹೆಚ್ಚಾಗತ್ತೆ. ಇದರಿಂದ ಗರ್ಭಕೋಶದ ಬಾಯಿ ತೆರೆಯಲ್ಲ. ಹೆರಿಗೆ ನೋವು ಹಾಗಲ್ಲ, ಪ್ರತಿ ಸಲ ಹಿಡಿದಾಗಲೂ ಬಾಯನ್ನ ಮೇಲಕ್ಕೆ ಎಳೆದು, ತೆಳ್ಳಗೆ ಮಾಡಿ, ಚೂರು ಚೂರೇ ತೆರೆಸ್ತಾ ಹೋಗತ್ತೆ. 10 ಸೆಂಟಿಮೀಟರಿನ ತನಕ.

ನಮ್ಮ ವಾರ್ಡಿಗೆ ಬರೋ ಹೊಸ ಹುಡುಗಿಯರಿಗೆ ನಾನು ಕಲಿಸೋದನ್ನೇ ನಿಂಗೂ ಹೇಳ್ತೀನಿ. ಬೆರಳುಗಳನ್ನ ಹೊಕ್ಕುಳಿಗಿಂತ ಮೇಲೆ, ಹೊಟ್ಟೆಯ ಮೇಲ್ಭಾಗದಲ್ಲಿ ಇಟ್ಟುಕೋ. ಹಿಡಿದಾಗ ಮೆಲ್ಲಗೆ ಒತ್ತಿ ನೋಡು. ಮೂಗಿನ ತುದಿ ಒತ್ತಿದಷ್ಟು ಮೆತ್ತಗಿದ್ರೆ ಸಣ್ಣ ಬಿಗಿತ. ಗದ್ದ ಮುಟ್ಟಿದ ಹಾಗಿದ್ರೆ ಮಧ್ಯಮ. ಹಣೆ ಮುಟ್ಟಿದ ಹಾಗೆ, ಬೆರಳು ಚೂರೂ ಒಳಗೆ ಹೋಗದೆ ಇದ್ರೆ ಜೋರಾದ ನೋವು. ಇನ್ನೊಂದು, ಜೋರಾದ ನೋವು ಹಿಡಿದಾಗ ಮಾತು ಅರ್ಧಕ್ಕೆ ನಿಂತುಹೋಗತ್ತೆ. ಅಮ್ಮನ ಜೊತೆ ಹರಟುತ್ತಾ ಇದ್ದೀಯ ಅಂದ್ರೆ ಇನ್ನೂ ಹೊತ್ತಿದೆ.

ಹೊತ್ತು ಬರೆಯುವಾಗ ಒಂದು ನೋವಿನ ಶುರುವಿನಿಂದ ಇನ್ನೊಂದರ ಶುರುವಿಗೆ ಲೆಕ್ಕ ಹಾಕು. ತುಂಬಾ ಜನ ಮುಗಿದಲ್ಲಿಂದ ಎಣಿಸ್ತಾರೆ, ಅದು ತಪ್ಪು. ಎಷ್ಟು ಸೆಕೆಂಡು ನಿಂತಿತು ಅನ್ನೋದನ್ನ ಪಕ್ಕದಲ್ಲಿ ಬರಿ. ಚೊಚ್ಚಲಕ್ಕೆ ಸಾಮಾನ್ಯವಾಗಿ ಹೇಳೋದು 5 ನಿಮಿಷಕ್ಕೊಮ್ಮೆ, ಒಂದೊಂದೂ 1 ನಿಮಿಷ, ಹೀಗೆ 1 ಗಂಟೆ ನಡೆದ್ರೆ ಹೊರಡಿ ಅಂತ. ಆದ್ರೆ ಆ ಲೆಕ್ಕ ಆಸ್ಪತ್ರೆ ಹತ್ತಿರ ಇರೋರಿಗೆ. ನಿಂಗೆ 26 ಕಿಲೋಮೀಟರು, ಮಣ್ಣು ರಸ್ತೆ. 8-10 ನಿಮಿಷಕ್ಕೊಮ್ಮೆ ತಾಳ ಹಿಡಿದು ಬರೋಕೆ ಶುರುವಾದ್ರೆ ನೀನು ಗಾಡಿ ಹತ್ತು.

ಇನ್ನು ನೋವಿನ ಲೆಕ್ಕವನ್ನೇ ನೋಡಬಾರದ ಸಂದರ್ಭಗಳು. ಮಗುವಿನ ಸುತ್ತ ಇರೋ ನೀರು ಹೋದ್ರೆ, ತೊಟ್ಟಿಕ್ಕಿದ್ರೂ ಸರಿ, ನೋವಿಲ್ಲದಿದ್ರೂ ಸರಿ, ಹೊರಡಬೇಕು. ನೀರು ಹಸಿರಾಗಿ ಅಥವಾ ಕಂದಾಗಿ ಇದ್ರೆ ಮಗು ಒಳಗೇ ಕಕ್ಕ ಮಾಡಿಕೊಂಡಿದೆ ಅಂತ, ಇನ್ನೂ ಬೇಗ ಹೋಗಬೇಕು. ಲೋಳೆಯಲ್ಲಿ ಒಂದೆರಡು ಎಳೆ ರಕ್ತ ಕಂಡ್ರೆ ಹೆದರಬೇಡ, ಅದು ಬಾಯಿಯ ಬಿರಡೆ ಸಡಿಲಾಗಿದ್ದು, ಅದಾದ ಮೇಲೂ ದಿನಗಟ್ಟಲೆ ನೋವು ಬರದೆ ಇರಬಹುದು. ಮುಟ್ಟಿನ ಹಾಗೆ ಕೆಂಪಗೆ ಹರಿದ್ರೆ ಮಾತ್ರ ಒಂದು ಕ್ಷಣವೂ ಕಾಯಬಾರದು. ಹೊಟ್ಟೆ ಬಿಗಿದದ್ದು ಸಡಿಲಾಗದೆ ಹಲಗೆಯ ಹಾಗೇ ಉಳಿದ್ರೂ ಅಷ್ಟೇ. ಮಗುವಿನ ಓಡಾಟ ಕಡಿಮೆ ಅನ್ನಿಸಿದ್ರೆ ಎಡಮಗ್ಗಲಾಗಿ ಮಲಗಿ ಎಣಿಸು, 2 ಗಂಟೆಯಲ್ಲಿ 10 ಸಲ ಮಿಸುಕಲಿಲ್ಲ ಅಂದ್ರೆ ಹೊರಡು. ತಲೆ ಸಿಡಿಯೋ ಹಾಗೆ ನೋವು, ಕಣ್ಣು ಮಂಜು, ಎದೆಗೂಡಿನ ಕೆಳಗೆ ನೋವು ಬಂದ್ರೆ ಅದು ಬಿಪಿ ಏರಿದ ಲಕ್ಷಣ, ಸುಳ್ಳು ನೋವು ನಿಜ ನೋವು ಅಂತ ಯೋಚಿಸ್ತಾ ಕೂರೋ ಹೊತ್ತಲ್ಲ.

ಜೀರಿಗೆ ಕಷಾಯ ಕುಡಿ, ತೊಂದರೆ ಇಲ್ಲ. ಬೆಚ್ಚಗಿನದು ಹೊಟ್ಟೆಗೆ ಹೋಗತ್ತೆ, ಗಾಳಿ ಹಿಡಿದಿದ್ರೆ ಬಿಡತ್ತೆ, ನೀರಿನಂಶ ಸಿಗತ್ತೆ. ಆದ್ರೆ ಈಗ ಹೇಳಿದ್ರಲ್ಲಿ ಯಾವುದಾದ್ರೂ ಇದ್ರೆ ಕಷಾಯ ಕುದಿಯೋ ತನಕವೂ ಕಾಯಬಾರದು.

ಬೆಂಗಳೂರಿನ ಯಜಮಾನ
ಮಂಗಳವಾರ, ಮಧ್ಯಾಹ್ನ 1:20

ಸಿಸ್ಟರ್, ನಿಮ್ಮ ಮಾತು ಓದಿ ಧೈರ್ಯ ಬಂತು. ನನ್ನ ಹೆಂಡತಿಗೆ 39 ವಾರ. ಮೊಬೈಲ್ ಆ್ಯಪಿನಲ್ಲಿ ಗುಂಡಿ ಒತ್ತಿ ಎಣಿಸ್ತಾ ಇದ್ದೀವಿ. ಭಾನುವಾರ ಅದು "ಈಗಲೇ ಹೊರಡಿ" ಅಂತು, ಹೋದ್ವಿ. ಪಟ್ಟಿ ಕಟ್ಟಿ ಮಗುವಿನ ಎದೆಬಡಿತ ನೋಡಿದ್ರು, ಬಾಯಿ 2 ಸೆಂಟಿಮೀಟರ್ ತೆರೆದಿದೆ ಅಂದ್ರು, ಆದ್ರೂ ಮನೆಗೆ ಕಳಿಸಿದ್ರು. ಬಾಯಿ ತೆರೆದಿದ್ರೆ ಅದು ನಿಜವಾದ ನೋವೇ ಅಲ್ವಾ? ಅವಳು ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಮಾಡಿಲ್ಲ, "ಎಲ್ಲರೂ ಸುಳ್ಳು ಅಂತಿದ್ದಾರೆ, ನೋವು ತಿಂತಿರೋದು ನಾನು" ಅಂತ ಅತ್ತಳು.

ಹೆರಿಗೆ ವಾರ್ಡಿನ ಸಿಸ್ಟರ್
ಮಂಗಳವಾರ, ಸಂಜೆ 5:10

ನಿಮ್ಮ ಹೆಂಡತಿ ಹೇಳಿದ್ದು ಸರಿ ಇದೆ, ನೋವು ಸುಳ್ಳಲ್ಲ. 'ಸುಳ್ಳು ನೋವು' ಅನ್ನೋ ಮಾತೇ ನನಗೆ ಅಷ್ಟು ಹಿಡಿಸಲ್ಲ, ಅವರು ಸುಳ್ಳು ಹೇಳ್ತಿದ್ದಾರೇನೋ ಅನ್ನೋ ಹಾಗೆ ಕೇಳಿಸತ್ತೆ.

ಸುಳ್ಳು ನೋವು, ಹೆರಿಗೆ ನೋವು ಇವೆರಡರ ನಡುವೆ ಇನ್ನೊಂದು ಹಂತ ಇದೆ, ಮನೆಯವರಿಗೆ ಯಾರೂ ಬಿಡಿಸಿ ಹೇಳಲ್ಲ. ಬಾಯಿ ಮೆತ್ತಗಾಗಿ, ತೆಳ್ಳಗಾಗಿ, ಮೊದಲ ಕೆಲವು ಸೆಂಟಿಮೀಟರು ತೆರೆಯೋ ಹೊತ್ತು. ಚೊಚ್ಚಲದಲ್ಲಿ ಇದು ಒಂದಿಡೀ ದಿನ, ಕೆಲವರಿಗೆ ಅದಕ್ಕೂ ಹೆಚ್ಚು ಹಿಡಿಯತ್ತೆ. ನಿಂತು ನಿಂತು ಬರತ್ತೆ. ಹೆರಿಗೆ ವೇಗ ಹಿಡಿಯೋದು 5 ಸೆಂಟಿಮೀಟರಿನಿಂದ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ, ಮೊದಲೆಲ್ಲ 4 ಅಂತಿದ್ವಿ. ತಾಯಿ ಮಗು ಇಬ್ಬರೂ ಚೆನ್ನಾಗಿದ್ರೆ 2 ಸೆಂಟಿಮೀಟರಿಗೆ ಮನೆಗೆ ಕಳಿಸೋದು ಅದಕ್ಕೇ. ಬೇಗ ಮಲಗಿಸಿಕೊಂಡ್ರೆ ಬೇಡದ ಡ್ರಿಪ್ಪು, ಬೇಡದ ಆತುರ.

ಅವರಿಗೆ ಈಗ ಬೇಕಾಗಿರೋದು ನಿದ್ದೆ, ಊಟ. ಬಿಸಿನೀರು ಸ್ನಾನ ಮಾಡ್ಲಿ. ನೀವು ಸೊಂಟ ನೀವಿ ಕೊಡಿ, ಗಂಜಿ, ಅನ್ನ ಸಾರು, ಹಣ್ಣು ತಿನ್ನಿಸಿ. ಆ್ಯಪ್ ರಾತ್ರಿ ಹೊತ್ತು ಪಕ್ಕಕ್ಕಿಡಿ, ಜೋರಾದ ನೋವು ಹೇಗೂ ಎಬ್ಬಿಸತ್ತೆ. ಬೆಂಗಳೂರಲ್ಲಿ ಸಂಜೆ 6ರಿಂದ 9ರ ತನಕ ರಸ್ತೆ ಹೇಗಿರತ್ತೆ ಅಂತ ನಿಮಗೇ ಗೊತ್ತು, ಆ ಹೊತ್ತಿನಲ್ಲಾದ್ರೆ ಅರ್ಧ ಗಂಟೆ ಮುಂಚೆಯೇ ಹೊರಡಿ.

ಎರಡನೇ ಬಾಣಂತನಕ್ಕೆ ಕಾದವಳು
ಮಂಗಳವಾರ, ರಾತ್ರಿ 8:30

ಮೊದಲನೆಯದು ಸಿಸೇರಿಯನ್ ಆದವರಿಗೆ ಈ 5 ನಿಮಿಷದ ಲೆಕ್ಕ ಹಿಡಿಯಬೇಡಿ ಅಂತ ಯಾರಾದ್ರೂ ಬರೀತಾರಾ ಅಂತ ಕಾದೆ. ನಾನೇ ಬರೀತೀನಿ. ನನ್ನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ, ತಾಳ ಹಿಡಿದ ನೋವು ಬಂದ ಕೂಡಲೇ ಬನ್ನಿ, ಹಳೇ ಹೊಲಿಗೆಯ ಮೇಲೆ ಭಾರ ಬೀಳತ್ತೆ, ಗರ್ಭಕೋಶ ಬಿರಿಯೋ ಅಪಾಯ ಇದೆ ಅಂತ. ಎರಡು ನೋವಿನ ನಡುವೆಯೂ ಹೊಲಿಗೆ ಹಾಕಿದ ಜಾಗದಲ್ಲಿ ನೋವು ಬಿಡದೆ ಇದ್ರೆ ಅದು ಇನ್ನೂ ತುರ್ತು. ಮೊದಲನೆಯದು ಸಹಜ ಹೆರಿಗೆ ಆದವರಿಗೂ ಎರಡನೆಯದು ಬೇಗ ಆಗತ್ತೆ. ಕಾಯೋ ಲೆಕ್ಕ ಏನಿದ್ರೂ ಚೊಚ್ಚಲಕ್ಕೆ.

ರಾಯಚೂರು ಕಡೆಯಾಕಿ
ಬುಧವಾರ, ಮಧ್ಯಾಹ್ನ 3:55

ನಮಸ್ಕಾರ್ರಿ. ನನಗ 33 ವಾರ. ಬೆಳಿಗ್ಗಿಂದ ಹೊಟ್ಟಿ ಗಟ್ಟಿ ಆಗಾಕತ್ತೈತಿ, ನೋವು ಅಷ್ಟೇನಿಲ್ಲ, ಕೆಳಗ ಒತ್ತಿದಂಗ, ಟೊಂಕ ಮುಟ್ಟಿನ ಟೈಮಿನಂಗ ಹರಿತೈತಿ. ಈಗ ಎರಡು ತಾಸಿನಿಂದ ಹತ್ತು ನಿಮಿಷಕ್ಕೊಮ್ಮೆ ಬರಾಕತ್ತೈತಿ. ಒಂದಕ್ಕ ಹ್ವಾದ್ರ ಉರಿ. ನೀರು ಕುಡದು ಮಲ್ಕೊಂಡೆ, ನಿಂದರವಲ್ದು. ಅತ್ತಿ ಅಂತಾರ ಇನ್ನೂ ದಿನ ಐತಿ, ಸುಳ್ಳ ಬ್ಯಾನಿ ಅಂತ. ಕಾಯ್ಲೇನ್ರಿ?

ಹೆರಿಗೆ ವಾರ್ಡಿನ ಸಿಸ್ಟರ್
ಬುಧವಾರ, ಮಧ್ಯಾಹ್ನ 3:58

ಕಾಯಬೇಡಮ್ಮ. ಇದಕ್ಕೆ ಉತ್ತರ ಬರೀತಾ ಕೂರಬೇಡ, ಹೊರಡು. 37 ವಾರ ತುಂಬೋಕೆ ಮುಂಚೆ ತಾಳ ಹಿಡಿದು ಬರೋ ಬಿಗಿತವನ್ನ ಸುಳ್ಳು ಅಂತ ಮನೆಯಲ್ಲಿ ಯಾರೂ ತೀರ್ಮಾನ ಮಾಡಬಾರದು. 108ಕ್ಕೆ ಫೋನ್ ಮಾಡು, ತಾಯಿ ಕಾರ್ಡ್ ತಗೋ. ರಾತ್ರಿ ಹಗಲು ಡಾಕ್ಟರು ಇರೋ, ಮಗುವಿಗೂ ವಾರ್ಡ್ ಇರೋ ದೊಡ್ಡ ಆಸ್ಪತ್ರೆಗೇ ಹೋಗು. ಅತ್ತೆಯವರಿಗೆ ಇದನ್ನ ತೋರಿಸು.

ಧಾರವಾಡದ ಅಕ್ಕ
ಬುಧವಾರ, ಸಂಜೆ 4:15

ಹೊಂಟಿ ಏನವ್ವಾ?

ರಾಯಚೂರು ಕಡೆಯಾಕಿ
ಬುಧವಾರ, ಸಂಜೆ 4:40

ಗಾಡ್ಯಾಗ ಅದೀನ್ರಿ ಅಕ್ಕಾರ. ಅತ್ತಿನೂ ಜೋಡಿ ಬಂದಾರ.

ಆಶಾ ಕಾರ್ಯಕರ್ತೆ, ಬಳ್ಳಾರಿ ಜಿಲ್ಲೆ
ಗುರುವಾರ, ಬೆಳಗ್ಗೆ 7:30

ಆ ತಂಗಿ ಸುದ್ದಿ ಬರೋ ತನಕ ನನಗೆ ನೆಮ್ಮದಿ ಇಲ್ಲ. ಈ ನಡುವೆ ನಮ್ಮ ಹಳ್ಳಿಗಳಲ್ಲಿ ಕಂಡದ್ದನ್ನ ಹೇಳ್ತೀನಿ. ನೋವು ನಿಂತು ನಿಂತು ಬರ್ತಿದ್ರೆ ಕೆಲವರು ಹರಳೆಣ್ಣೆ ಕುಡಿಸ್ತಾರೆ. ಭೇದಿ ಹತ್ತಿ, ಮೈಯಲ್ಲಿ ನೀರಿಲ್ಲದಂಗೆ ಆಗಿ ಬರ್ತಾರೆ ಆ ಹೆಣ್ಣುಮಕ್ಕಳು. ಅದಕ್ಕಿಂತ ಕೆಟ್ಟದ್ದು, ಓದಿಲ್ಲದ ಡಾಕ್ಟರುಗಳನ್ನ ಮನೆಗೆ ಕರೆಸಿ "ನೋವು ಬರೋ ಇಂಜೆಕ್ಷನ್" ಹಾಕಿಸೋದು. ಆ ಔಷಧಿ ಆಸ್ಪತ್ರೆಯಲ್ಲಿ ಹನಿ ಹನಿ ಲೆಕ್ಕದಲ್ಲಿ, ಮಗುವಿನ ಎದೆಬಡಿತ ನೋಡ್ತಾ ನೋಡ್ತಾ ಕೊಡೋದು. ಮನೆಯಲ್ಲಿ ಚುಚ್ಚಿಸಿಕೊಂಡ್ರೆ ಗರ್ಭಕೋಶ ಹರಿದು ಹೋಗಬಹುದು, ಮಗುವಿಗೆ ಉಸಿರು ಕಟ್ಟಬಹುದು. ಕೈ ಮುಗಿದು ಕೇಳ್ತೀನಿ, ಹಾಕಿಸಬೇಡಿ.

ದುಡ್ಡಿನ ಚಿಂತೆಗೆ ತಡ ಮಾಡೋರು ತುಂಬಾ ಜನ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆ ಆಗ್ಲಿ ಸಿಸೇರಿಯನ್ ಆಗ್ಲಿ ಖರ್ಚಿಲ್ಲ, 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧಿ, ಊಟ, ರಕ್ತ ಎಲ್ಲಾ ಉಚಿತ. ಕರ್ಕೊಂಡು ಹೋಗೋಕೆ 108, ಬಾಣಂತಿ ಮಗುವನ್ನ ವಾಪಸ್ ಮನೆಗೆ ಬಿಡೋಕೆ ನಗು-ಮಗು ಗಾಡಿ. ಮಲೆನಾಡ ಮಗಳೇ, ನಿಮ್ಮೂರ ಆಶಾ ಅಕ್ಕನ ನಂಬರ್ ಇಟ್ಟುಕೊಂಡಿದ್ದೀಯಾ? ಅವರನ್ನ ಜೊತೆಗೆ ಕರ್ಕೊಂಡು ಹೋಗು. ಮಾತಾಡೋಕೆ ಒಬ್ಬರು ಜೊತೆಗಿದ್ರೆ ಗದರೋರೂ ಕಡಿಮೆ.

ಕರಾವಳಿಯ ಹಿರಿಯ ಜೀವ
ಗುರುವಾರ, ಸಂಜೆ 6:05

ನನಗೆ 71 ವರ್ಷ, ಮೊಮ್ಮಗಳು ಬರೆದುಕೊಡುತ್ತಿದ್ದಾಳೆ. ನಮ್ಮ ಅತ್ತೆ ಊರಿನ ಸೂಲಗಿತ್ತಿಯಾಗಿದ್ದರು. ಅವರೂ ಹೀಗೆಯೇ ಹೊಟ್ಟೆಯ ಮೇಲೆ ಕೈಯಿಟ್ಟು ಕೂತುಬಿಡುತ್ತಿದ್ದರು, ಮಾತಿಲ್ಲ ಕತೆಯಿಲ್ಲ. "ಇವತ್ತಲ್ಲ" ಅಂತ ಎದ್ದು ಹೋದರೆ ಅವತ್ತು ಹೆರಿಗೆ ಆಗುತ್ತಿರಲಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ, ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಆ ತಾಯಿಯ ಚಿತ್ರ ನೋಡಿ ನನಗೆ ಅತ್ತೆಯೇ ಕಂಡಂತಾಯಿತು. ಆದರೆ ಒಂದು ಹೇಳುತ್ತೇನೆ. ನನ್ನ ನಾದಿನಿಗೆ ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಅಂಥಾ ಅತ್ತೆಯ ಕೈಯಲ್ಲೂ ಅದಕ್ಕೆ ಮದ್ದಿರಲಿಲ್ಲ. ಆಸ್ಪತ್ರೆ ದೂರವಿತ್ತು, ಹೊಳೆ ತುಂಬಿತ್ತು. ಮಕ್ಕಳೇ, ನಾಲ್ಕು ಸಲ ಸುಮ್ಮನೆ ಹೋಗಿ ಬನ್ನಿ.

ರಾಯಚೂರು ಕಡೆಯಾಕಿ
ಶುಕ್ರವಾರ, ಮಧ್ಯಾಹ್ನ 12:10

ಆಸ್ಪತ್ರ್ಯಾಗ ಅದೀನ್ರಿ, ಕೂಸು ಹೊಟ್ಟ್ಯಾಗ ಆರಾಮ ಐತಿ. ಬಾಯಿ ಒಂದು ಸೆಂಟಿಮೀಟರ್ ತೆರದಿತ್ತಂತ. ಉಚ್ಚಿ ಪರೀಕ್ಷೆದಾಗ ಸೋಂಕು ಐತಿ ಅಂದ್ರು, ಅದಕ್ಕ ಔಷಧ ನಡದೈತಿ. ಬಿಗಿತ ಕಡಿಮಿ ಆಗಾಕ ಗುಳಿಗಿ ಕೊಟ್ರು. ಕೂಸಿನ ಪುಪ್ಪುಸ ಬಲಿಯಾಕ ಅಂತ 12 ತಾಸಿಗೊಂದರಂಗ ನಾಕು ಇಂಜೆಕ್ಷನ್ ಹಾಕಿದ್ರು. ನಿನ್ನೆ ಸಂಜಿಯಿಂದ ಬಿಗಿತ ನಿಂತೈತಿ. ಇನ್ನೊಂದು ದಿನ ತಡದು ಬಂದಿದ್ರ ಈ ಇಂಜೆಕ್ಷನ್ ಹಾಕಾಕ ಹೊತ್ತ ಸಿಗ್ತಿರಲಿಲ್ಲ ಅಂದ್ರು ಡಾಕ್ಟರು. ಸಿಸ್ಟರ್, ನಿಮ್ಮ ಋಣ ಹೆಂಗ ತೀರಸ್ಲಿ. ಅತ್ತಿ ಅಳಾಕತ್ತಾರ, "ನಾ ಬ್ಯಾಡ ಅಂದಿದ್ನಲ್ಲ" ಅಂತ.

ಹೆರಿಗೆ ವಾರ್ಡಿನ ಸಿಸ್ಟರ್
ಶುಕ್ರವಾರ, ರಾತ್ರಿ 9:00

ಅತ್ತೆಗೆ ಅಳಬೇಡಿ ಅಂತ ಹೇಳು, ಜೊತೆಗೆ ಬಂದ್ರಲ್ಲ. ಸೋಂಕಿನ ಮಾತ್ರೆ ಅರ್ಧಕ್ಕೆ ನಿಲ್ಲಿಸಬೇಡ, ಪೂರ್ತಿ ಮುಗಿಸು.

ಮಲೆನಾಡ ಮಗಳು
ಮುಂದಿನ ಮಂಗಳವಾರ, ಬೆಳಗ್ಗೆ 11:25

ಎಲ್ಲರಿಗೂ ಹೇಳೋಕೆ ಬಂದೆ. ಶನಿವಾರ ಸಂಜೆ 6:40ಕ್ಕೆ ಹೆಣ್ಣು ಮಗು, 2 ಕಿಲೋ 800 ಗ್ರಾಂ. ಇಬ್ಬರೂ ಚೆನ್ನಾಗಿದ್ದೀವಿ.

ಅವತ್ತಿನಿಂದ ಹಾಲಿನ ಪುಸ್ತಕದ ಹಾಳೆಗಟ್ಟಲೆ ನೋವಿನ ಹೊತ್ತು ಬರೆದೆ. ಆದ್ರೆ ಕೊನೆಗೆ ಬಂದದ್ದು ನೋವಲ್ಲ. ಬೆಳಗಿನ ಜಾವ 3 ಗಂಟೆಗೆ ಎದ್ದಾಗ ಸೀರೆ ಒದ್ದೆ. ನೋವು ಒಂದು ಚೂರೂ ಇಲ್ಲ. ಸಿಸ್ಟರ್ ಹೇಳಿದ್ದು ನೆನಪಿಲ್ಲದಿದ್ರೆ ಬೆಳಗಾಗಲಿ ಅಂತ ಮತ್ತೆ ಮಲಗಿಬಿಡ್ತಿದ್ದೆ. ಅಪ್ಪನ್ನ ಎಬ್ಬಿಸಿದೆ. ಆಶಾ ಅಕ್ಕ ದಾರಿಯಲ್ಲಿ ಹತ್ತಿಕೊಂಡ್ರು. ಅದೇ ಆಸ್ಪತ್ರೆ, ಆದ್ರೆ ಅವತ್ತು ಇದ್ದ ಸಿಸ್ಟರ್ ಬೇರೆ, "ಒಳ್ಳೇ ಕೆಲಸ ಮಾಡಿದೆ, ನೀರು ಹೋದ ಮೇಲೆ ಕಾಯಬಾರದು, ಸೋಂಕಾಗತ್ತೆ" ಅಂದ್ರು. ನೋವು ಶುರುವಾಗಿದ್ದು ಬೆಳಗ್ಗೆ 9ರ ಮೇಲೆ. ಧಾರವಾಡದ ಅಕ್ಕ ಹೇಳಿದ ಹಾಗೇ, ಸೊಂಟದಲ್ಲಿ ಹುಟ್ಟಿ ಸುತ್ತು ಬಳಸಿ ಬಂತು. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಮುಟ್ಟಿ ನೋಡಿದ್ರೆ ಹಣೆಯ ಹಾಗೆ. ಅಮ್ಮನ ಕೈ ಹಿಡಿದು ಏನೋ ಹೇಳೋಕೆ ಹೋಗಿ ಮಾತು ಅರ್ಧಕ್ಕೇ ನಿಂತಿತು.

ಬೆಂಗಳೂರಿನ ಯಜಮಾನ
ಮಂಗಳವಾರ, ಬೆಳಗ್ಗೆ 11:50

ತುಂಬಾ ಸಂತೋಷ ಆಯ್ತು ತಂಗಿ. ನಮಗೂ ಗುರುವಾರ ರಾತ್ರಿ ಗಂಡು ಮಗು ಆಯ್ತು, 5 ನಿಮಿಷದ ಲೆಕ್ಕಕ್ಕೆ ಸರಿಯಾಗಿ ಹೊರಟಿದ್ವಿ. ಒಂದು ಕೇಳಲಾ, ಮುಂದೆ ಓದೋರಿಗೆ ಉಪಯೋಗ ಆಗತ್ತೆ. ಅದು ನೀರೇ, ಮೂತ್ರ ಅಲ್ಲ ಅಂತ ಹೇಗೆ ಗೊತ್ತಾಯ್ತು?

ಮಲೆನಾಡ ಮಗಳು
ಮಂಗಳವಾರ, ಮಧ್ಯಾಹ್ನ 12:30

ಮೊದಲು ಮೂತ್ರ ಅಂತಲೇ ಅಂದ್ಕೊಂಡೆ ಅಣ್ಣ. ಒಂದಕ್ಕೆ ಹೋಗಿ ಬಂದೆ, ಆಮೇಲೂ ತೊಟ್ಟಿಕ್ಕೋದು ನಿಲ್ಲಲಿಲ್ಲ. ಕೆಮ್ಮಿದ್ರೆ ಇನ್ನೊಂಚೂರು ಬಂತು. ಅಪ್ಪನ ಹಳೇ ಬಿಳಿ ಪಂಚೆ ಹರಿದು, ತೊಳೆದು ಒಣಗಿಸಿ ಇಟ್ಟಿದ್ಲು ಅಮ್ಮ, ಅದನ್ನ ಮಡಿಸಿ ಇಟ್ಟುಕೊಂಡು ಹತ್ತು ನಿಮಿಷ ಬಿಟ್ಟು ದೀಪದ ಹತ್ತಿರ ಹಿಡಿದು ನೋಡಿದ್ವಿ. ತಿಳಿಯಾಗಿ ಗಂಜಿ ತೆಳಿಯ ಹಾಗಿತ್ತು, ಮೂತ್ರದ ವಾಸನೆ ಇರಲಿಲ್ಲ, ಹಸಿರೂ ಇರಲಿಲ್ಲ. ಆ ಬಟ್ಟೆಯನ್ನೇ ಕವರಿನಲ್ಲಿ ಹಾಕಿ ಆಸ್ಪತ್ರೆಗೆ ತಗೊಂಡು ಹೋದೆ, ಸಿಸ್ಟರ್ ನೋಡಿದ ಕೂಡಲೇ ಒಳಗೆ ಕರ್ಕೊಂಡ್ರು. ಖಾತ್ರಿ ಇಲ್ಲದಿದ್ರೂ ಹೋಗಿಬಿಡಿ, ಅವರೇ ಪರೀಕ್ಷೆ ಮಾಡಿ ಹೇಳ್ತಾರೆ.

ಮಗು ಎದ್ದಳು, ಹಾಲು ಕೊಡಬೇಕು.